ತನ್ನ ಕೊರತೆಯನ್ನು ತಾನರಿಯದ ಅರಿವು

ಪಾರ್ಶ್ವವಾಯು ಬಡಿದು ದೇಹದ ಎಡಭಾಗವೆಲ್ಲ ಸ್ವಾಧೀನ ತಪ್ಪಿ ಆಸ್ಪತ್ರೆಯ ಮಂಚದ ಮೇಲೆ ಮಲಗಿರುವವರಲ್ಲಿ ಕೆಲವರು, ಮೊದಲ ಕೆಲವು ದಿನಗಳಲ್ಲಿ, ವೈದ್ಯರನ್ನೂ ಬಂಧುಗಳನ್ನೂ ಒಟ್ಟಿಗೆ ದಿಗ್ಭ್ರಮೆಗೊಳಿಸುವಂಥ ಮಾತನ್ನಾಡುವುದುಂಟು. "ಎಡಗೈ ಎತ್ತಿ ನೋಡೋಣ ಅಮ್ಮ" ಎಂದರೆ, "ಎತ್ತಿದೀನಲ್ಲಾ ಡಾಕ್ಟ್ರೇ" ಎನ್ನುತ್ತಾರೆ. ಕೈ ಮಾತ್ರ ಹೊದಿಕೆಯ ಮೇಲೆ ಇದ್ದಲ್ಲಿಯೇ ಇರುತ್ತದೆ. ಎರಡು ಕೈಯನ್ನೂ ಕೂಡಿಸಿ ಚಪ್ಪಾಳೆ ತಟ್ಟಿರೆಂದರೆ ಬಲಗೈಯೊಂದೇ ಮೇಲೆದ್ದು ಎದೆಯ ಮುಂದೆ ಆಡುತ್ತದೆ. ತಟ್ಟಿದಿರಾ ಎಂದು ಕೇಳಿದರೆ ತಟ್ಟಿದೆನೆಂಬ ಉತ್ತರವೇ ಬರುತ್ತದೆ. ಹೀಗೆ ಹೇಳುವವರು ಬುದ್ಧಿ ಕೆಟ್ಟವರಲ್ಲ. ಅಂದಿನ ವಾರವನ್ನೂ ಮೊಮ್ಮಕ್ಕಳ ಹೆಸರುಗಳನ್ನೂ ಸರಿಯಾಗಿ ಹೇಳುತ್ತಾರೆ, ಮನೆಯ ಕೊಡುಕೊಳ್ಳುವ ವ್ಯವಹಾರವನ್ನು ಕುರಿತು ವಿವೇಕದಿಂದಲೇ ಮಾತನಾಡುತ್ತಾರೆ. ತಮಗೆ ಲಕ್ವ ಹೊಡೆದಿದೆಯೆಂಬ ಒಂದೇ ಒಂದು ಸಂಗತಿ, ಮಂಚದ ಸುತ್ತ ನಿಂತವರೆಲ್ಲರಿಗೂ ಕಾಣುತ್ತಿರುವ ಸಂಗತಿ, ಅವರಿಗೆ ಮಾತ್ರ ಗೋಚರಿಸುವುದಿಲ್ಲ.

ದುಃಖವನ್ನು ತಾಳಲಾರದೆ ಮನಸ್ಸು ಸತ್ಯಕ್ಕೆ ಬೆನ್ನು ತಿರುಗಿಸಿತೆಂದು ಇದಕ್ಕೆ ಸಮಾಧಾನ ಹೇಳಬಹುದೆಂದು ಮೊದಲ ನೋಟಕ್ಕೆ ತೋರೀತು. ಆದರೆ ಆ ಸಮಾಧಾನ ನಿಲ್ಲುವುದಿಲ್ಲ. ಏಕೆಂದರೆ ಮಿದುಳಿನ ಬಲ ಅರ್ಧಗೋಳಕ್ಕೆ ಪೆಟ್ಟಾಗಿ ಎಡಗೈ ಸೋತಾಗಲೇ ಈ ವಿಚಿತ್ರ ಬಹುಮಟ್ಟಿಗೆ ಕಾಣುತ್ತದೆ. ಎಡ ಅರ್ಧಗೋಳಕ್ಕೆ ಪೆಟ್ಟಾಗಿ ಬಲಗೈ ಸೋತವರಲ್ಲಿ ಅದು ಅಪರೂಪ. ಬಲಗೈಯಿಂದಲೇ ಉಂಡು ಬರೆದು ದುಡಿಯುವವನಿಗೆ ಬಲಗೈ ಹೋದ ದುಃಖ ಹೆಚ್ಚಾಗಬೇಕಲ್ಲದೆ ಕಡಮೆಯಾಗಬಾರದಷ್ಟೆ. ಇದನ್ನೇ ಹೋಲುವಂತೆ, ಕುರುಡರಾಗಿಯೂ ತಮಗೆ ಕಣ್ಣು ಕಾಣುತ್ತದೆಂದು ಸಾಧಿಸುವ ರೋಗಿಗಳನ್ನು ಆಸ್ಟ್ರಿಯದ ವೈದ್ಯ ಗೇಬ್ರಿಯಲ್ ಆಂಟನ್ 1899ರಲ್ಲಿ ವರ್ಣಿಸಿದ್ದನು. ಪಾರ್ಶ್ವವಾಯುವಿನ ಈ ಅನಭಿಜ್ಞತೆಗೆ ಪ್ಯಾರಿಸ್ಸಿನ ಜೋಸೆಫ್ ಬಾಬಿನ್ಸ್ಕಿ 1914ರಲ್ಲಿ 'ಅನೊಸೊಗ್ನೋಸಿಯ' ಎಂದು ಹೆಸರಿಟ್ಟನು. ಮನುಷ್ಯನ ಆತ್ಮಪ್ರಜ್ಞೆಗೂ ಅವನ ಮಿದುಳಿಗೂ ಇರುವ ಸಂಬಂಧವನ್ನು ತಿಳಿಯಬಯಸುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇನ್ನೊಂದಿಲ್ಲವೆಂಬುದು ನನ್ನ ಭಾವನೆ. ಹೊರಜಗತ್ತಿನ ವಿಷಯದಲ್ಲಿ ನಾವು ತಪ್ಪಬಹುದು, ಮರೀಚಿಕೆಯನ್ನು ನೀರೆಂದೂ ಹಗ್ಗವನ್ನು ಹಾವೆಂದೂ ಭ್ರಮಿಸಬಹುದು. ಆದರೆ ನಮ್ಮ ವಿಷಯದಲ್ಲಿ, ನಮ್ಮೊಳಗಿನ ವಿಷಯದಲ್ಲಿ, ನಮ್ಮ ಮಾತೇ ಕೊನೆಯ ಮಾತೆಂದು ಎಲ್ಲರೂ ನಂಬಿರುತ್ತೇವೆ. ಆ ನಂಬಿಕೆಯ ಬುಡವನ್ನೇ ಈ ರೋಗಿಗಳು ಅಲುಗಿಸುತ್ತಾರೆ.

ಇನ್ನೂ ಆಶ್ಚರ್ಯಕರವಾದ ಸಂಗತಿಯೊಂದುಂಟು. ಇಂಥ ರೋಗಿಯ ಎಡಕಿವಿಯೊಳಗೆ ಮಂಜಿನಷ್ಟು ತಣ್ಣಗಿನ ನೀರನ್ನು ಬಿಟ್ಟರೆ, ಒಳಗಿವಿಯಲ್ಲಿ ಶರೀರದ ಸಮತೋಲವನ್ನು ಕಾಯುವ ನರಗಳು ಕೆರಳಿ, ಆ ಸುದ್ದಿ ಬಲ ಅರ್ಧಗೋಳಕ್ಕೆ ಮುಟ್ಟಿ, ಕಳೆದುಹೋಗಿದ್ದ ಅರಿವು ಸ್ವಲ್ಪ ಹೊತ್ತು ಮರಳಿಬರುತ್ತದೆಂಬುದನ್ನು ಇಟಲಿಯ ವೈದ್ಯರು ಮೊದಲು ಗಮನಿಸಿದರು. ಮದ್ರಾಸಿನಲ್ಲಿ ವೈದ್ಯವಿದ್ಯೆ ಕಲಿತು ಅನಂತರ ಕ್ಯಾಲಿಫೋರ್ನಿಯದಲ್ಲಿ ನೆಲಸಿದ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ವೃದ್ಧೆಯೊಬ್ಬರಲ್ಲಿ ಇದನ್ನೇ ಮಾಡಿ ನೋಡಿದರು. ಅದುವರೆಗೂ ತಮ್ಮ ಕೈ ಚೆನ್ನಾಗಿಯೇ ಇದೆಯೆಂದು ಹೇಳುತ್ತಿದ್ದ ಆಕೆ, ನೀರು ಬಿಟ್ಟೊಡನೆ, ಕೈ ಸೋತಿದೆಯೆಂದೂ ಹೀಗಾಗಿ ಹಲವು ದಿನಗಳಾದುವೆಂದೂ ಶಾಂತವಾಗಿ ಒಪ್ಪಿಕೊಂಡರು. ನೀರಿನ ಪ್ರಭಾವ ಇಳಿದ ಮೇಲೆ ಮತ್ತೆ ಮೊದಲಿನಂತೆಯೇ ಅಲ್ಲಗಳೆದರು. ಅಷ್ಟೇ ಅಲ್ಲ, ತಾವು ಒಮ್ಮೆ ಒಪ್ಪಿಕೊಂಡಿದ್ದೆವೆಂಬುದನ್ನೂ ಆಕೆ ಅರಿಯರು. ಹಲವು ದಿನಗಳಿಂದ ಹೀಗಿದೆಯೆಂದು ಹೇಳಿದರೆಂದ ಮೇಲೆ, ಆ ದಿನಗಳ ನೆನಪು ಮಿದುಳಿನ ಯಾವುದೋ ಮೂಲೆಯಲ್ಲಿ ಲಿಖಿತವಾಗಿಯೇ ಇದ್ದಿರಬೇಕು. ಇದ್ದರೂ ಅದು 'ನನಗೆ ಗೊತ್ತು' ಎಂಬ ಮಟ್ಟಕ್ಕೆ ಏರಲಿಲ್ಲ. ತಿಳಿವಳಿಕೆ ಮಿದುಳಿನಲ್ಲಿರುವುದು ಬೇರೆ, ಆ ತಿಳಿವಳಿಕೆ ನನ್ನದಾಗುವುದು ಬೇರೆ. ಎರಡನೆಯದಕ್ಕೆ ಪ್ರತ್ಯೇಕವಾದ ದೈಹಿಕ ವ್ಯವಸ್ಥೆಯೊಂದು ಬೇಕು, ಮತ್ತು ಆ ವ್ಯವಸ್ಥೆ ಮುರಿಯಬಲ್ಲದು.

ಆ ವ್ಯವಸ್ಥೆ ನೆಲಸಿರುವ ಮಿದುಳನ್ನು ನೋಡಬೇಕೆಂಬವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳಿನ ಸಂಗ್ರಹಾಲಯಕ್ಕೆ ಹೋಗಬಹುದು. ಒಂದೂಕಾಲರಿಂದ ಒಂದೂವರೆ ಕಿಲೋ ತೂಗುವ, ಮಡಿಕೆಮಡಿಕೆಯಾದ ಆ ಪದಾರ್ಥವನ್ನು ಕಂಡಾಗ, ಒಬ್ಬನ ಪ್ರೀತಿ, ದ್ವೇಷ, ಸಂಗೀತ, ಲೆಕ್ಕಾಚಾರ, ದೇವರ ಭಯ ಎಲ್ಲಕ್ಕೂ ಇದೇ ಆಧಾರವಾಗಿದ್ದಿತೆಂದು ನಂಬಲು ಮನಸ್ಸು ಹಿಂದೆಗೆಯುವುದು ಸಹಜ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಈ ಅವಯವ, ದೇಹ ವಿಶ್ರಾಂತಿಯಲ್ಲಿರುವಾಗ ವ್ಯಯಿಸುವ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ತಾನೊಂದೇ ಬಳಸುತ್ತದೆ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಬ್ರೆಜಿಲ್ಲಿನ ವಿಜ್ಞಾನಿಗಳು 2009ರಲ್ಲಿ ಎಣಿಸಿ ಹೇಳಿದ್ದಾರೆ. ಆದರೆ ಪ್ರಜ್ಞೆಯ ರಹಸ್ಯ ಬರಿಯ ಸಂಖ್ಯೆಯಲ್ಲಿ ಅಡಗಿಲ್ಲ. ಆ 8,600 ಕೋಟಿಯಲ್ಲಿ ಸುಮಾರು 6,900 ಕೋಟಿ, ಎಂದರೆ ಐದರಲ್ಲಿ ನಾಲ್ಕು ಪಾಲು, ತಲೆಯ ಹಿಂಭಾಗದಲ್ಲಿರುವ ಅನುಮಸ್ತಿಷ್ಕಕ್ಕೆ ಸೇರಿದವು. ಅದಿಲ್ಲದೆಯೇ ಹುಟ್ಟಿದ ವಿರಳ ವ್ಯಕ್ತಿಗಳು ತಡವಾಗಿ ನಡೆಯಲು ಕಲಿಯುತ್ತಾರೆ, ಅವರ ಮಾತು ತೊದಲುತ್ತದೆ, ಆದರೆ ಅವರು ನಮ್ಮ ನಿಮ್ಮಂತೆಯೇ ಎಚ್ಚರವುಳ್ಳವರು, ತಾವಾರೆಂದು ಬಲ್ಲವರು. ಇದಕ್ಕೆ ಪ್ರತಿಯಾಗಿ, ಬೆನ್ನುಹುರಿಯ ಮೇಲ್ತುದಿಯಲ್ಲಿರುವ ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಅತ್ಯಲ್ಪ ಗಾಯವಾದರೂ ಮನುಷ್ಯ ಎಚ್ಚರವಿಲ್ಲದ ನಿದ್ರೆಗೆ ಬೀಳಬಹುದು. ಅಲ್ಲಿರುವ ನರಗಳ ಬಲೆಯೊಂದನ್ನು ಮಂದವಾದ ವಿದ್ಯುತ್ತಿನಿಂದ ಕೆರಳಿಸಿದರೆ ಮತ್ತಿನಲ್ಲಿರುವ ಬೆಕ್ಕಿನ ಮಿದುಳಿನ ಅಲೆಗಳು ಎಚ್ಚರದ ಅಲೆಗಳಾಗಿ ಮಾರ್ಪಡುತ್ತವೆಂದು ಮೊರುಟ್ಸಿ ಮತ್ತು ಮಗೂನ್ ಎಂಬವರು 1949ರಲ್ಲಿಯೇ ತೋರಿಸಿಕೊಟ್ಟರು. ಎಚ್ಚರಕ್ಕೆ ಆಧಾರ ಅಲ್ಲಿದೆ. ಎಚ್ಚೆತ್ತವನು ಏನನ್ನು ಕಾಣುತ್ತಾನೆ, ಏನನ್ನು ನೆನೆಯುತ್ತಾನೆ ಎಂಬುದು ಅದರ ಮೇಲಿನ ಮಸ್ತಿಷ್ಕದ ಹೊರಪದರಕ್ಕೂ ಮಿದುಳಿನ ಒಳಗಿರುವ ಥಲಾಮಸ್ ಎಂಬ ಭಾಗಕ್ಕೂ ನಡುವೆ ನಿರಂತರವಾಗಿ ನಡೆಯುವ ವಿನಿಮಯವನ್ನು ಅವಲಂಬಿಸಿದೆ.

ಆದರೆ ಎಚ್ಚರವಾಗಿರುವುದು, ಕಾಣುವುದು, ಕೇಳುವುದು ಇವಿಷ್ಟರಿಂದಲೇ 'ನಾನು' ಎಂಬುದು ಸಿದ್ಧಿಸುವುದಿಲ್ಲ. ಹಣೆಗೆ ಗುಟ್ಟಾಗಿ ಬಣ್ಣದ ಬೊಟ್ಟನ್ನು ಹಚ್ಚಿ ಕನ್ನಡಿಯ ಮುಂದೆ ಬಿಟ್ಟರೆ ವರ್ಷದ ಮಗು ಕನ್ನಡಿಯೊಳಗಿನ ಮಗುವನ್ನು ನೋಡಿ ನಗುತ್ತದೆ; ಒಂದೂವರೆ ಎರಡು ವರ್ಷದ ಹೊತ್ತಿಗೆ ತನ್ನ ಹಣೆಯನ್ನೇ ಮುಟ್ಟಿಕೊಳ್ಳುತ್ತದೆ. ಚಿಂಪಾಂಜಿಗಳೂ ಹಾಗೆ ಮುಟ್ಟಿಕೊಳ್ಳುತ್ತವೆಂದು ಗಾರ್ಡನ್ ಗ್ಯಾಲಪ್ 1970ರಲ್ಲಿ ಪ್ರಕಟಿಸಿದ ಮೇಲೆ ಆನೆ, ಡಾಲ್ಫಿನ್ ಮೊದಲಾದ ಪ್ರಾಣಿಗಳ ಮೇಲೂ ಈ ಪರೀಕ್ಷೆ ನಡೆದಿದೆ. ಕನ್ನಡಿಯ ವಿಷಯ ಪ್ರಸಿದ್ಧವಾದುದು. ಅದಕ್ಕಿಂತ ಒಳಗಿನದು, ನನ್ನ ಕೈ ಎಂಬಲ್ಲಿಯ 'ನನ್ನ' ಎಂಬ ಭಾವ ಎಲ್ಲಿಂದ ಬರುತ್ತದೆಂಬ ಪ್ರಶ್ನೆ. ಕೈಯನ್ನು ಎತ್ತುವುದಕ್ಕೂ ಕೈ ತಾನಾಗಿ ಏಳುವುದಕ್ಕೂ ಇರುವ ಭೇದ ಎಷ್ಟು ಸ್ಪಷ್ಟವೆಂದರೆ ಅದಕ್ಕೊಂದು ಕಾರಣ ಬೇಕೆಂಬುದೇ ನಮಗೆ ಹೊಳೆಯುವುದಿಲ್ಲ.

ನಮ್ಮ ಅಂಗಾಲನ್ನು ಇತರರು ಮುಟ್ಟಿದರೆ ಕಚಗುಳಿಯಾಗುತ್ತದೆ, ನಾವೇ ಮುಟ್ಟಿಕೊಂಡರೆ ಆಗುವುದಿಲ್ಲ. ಮಕ್ಕಳೆಲ್ಲರೂ ಕಂಡುಕೊಂಡು ಮರೆತುಬಿಡುವ ಈ ಸಣ್ಣ ಸಂಗತಿಯಲ್ಲಿ ಆತ್ಮಪ್ರಜ್ಞೆಯ ಒಂದು ದೊಡ್ಡ ಸೂತ್ರವಿದೆ. ಕೈಯಾಡಿಸೆಂಬ ಆಜ್ಞೆಯನ್ನು ಸ್ನಾಯುಗಳಿಗೆ ಕಳುಹಿಸುವಾಗ ಮಿದುಳು ಆ ಆಜ್ಞೆಯ ಪ್ರತಿಯೊಂದನ್ನು ತನ್ನಲ್ಲಿ ಇರಿಸಿಕೊಂಡು, ಅದರ ಫಲವಾಗಿ ಎಂಥ ಸ್ಪರ್ಶವುಂಟಾಗಬೇಕೆಂದು ಮುಂಚಿತವಾಗಿಯೇ ಗಣಿಸಿರುತ್ತದೆ. ಆಗುವ ಸ್ಪರ್ಶ ಆ ಗಣನೆಗೆ ಸರಿಹೊಂದಿದರೆ ಅದು ನನ್ನಿಂದಾದುದೆಂದು ತೀರ್ಮಾನಿಸಿ ಅದನ್ನು ತಗ್ಗಿಸುತ್ತದೆ, ಹೊಂದದಿದ್ದರೆ ಹೊರಗಿನದೆಂದು ಎಚ್ಚರಿಸುತ್ತದೆ. ಲಂಡನ್ನಿನ ಸಾರಾ ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್ ಮತ್ತು ಕ್ರಿಸ್ ಫ್ರಿತ್ ಅವರು 1998ರಲ್ಲಿ ಸ್ಕ್ಯಾನ್ ಯಂತ್ರದೊಳಗೆ ಇದನ್ನು ಪರೀಕ್ಷಿಸಿದಾಗ ಈ ಗಣಿತದಲ್ಲಿ ಅನುಮಸ್ತಿಷ್ಕದ ಪಾಲಿರುವುದು ಕಂಡುಬಂದಿತು. ಮುಂದೆ ಇದೇ ತಂಡ, ತಮ್ಮನ್ನು ಯಾರೋ ನಡೆಸುತ್ತಿದ್ದಾರೆಂದೂ ಕಿವಿಯಲ್ಲಿ ಯಾರೋ ಮಾತನಾಡುತ್ತಾರೆಂದೂ ಅನುಭವಿಸುವ ಮನೋರೋಗಿಗಳನ್ನು ಪರೀಕ್ಷಿಸಿತು. ಅವರಿಗೆ ತಮ್ಮ ಸ್ಪರ್ಶವೂ ಇತರರ ಸ್ಪರ್ಶವೂ ಸಮಾನವಾಗಿ ಕಚಗುಳಿಯಿಡುತ್ತಿದ್ದುವು. ತನ್ನೊಳಗಿನ ಮಾತಿಗೆ 'ನನ್ನದು' ಎಂಬ ಮುದ್ರೆ ಬೀಳದಿದ್ದಾಗ ಅದು ಪರರ ಧ್ವನಿಯಾಗಿ ಕೇಳಿಸುವುದೆಂಬ ಫ್ರಿತ್‌ನ ಊಹೆ, ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿತೆಂದು ಕರೆದೊಯ್ಯಲ್ಪಡುವ ಎಷ್ಟೋ ನತದೃಷ್ಟರ ಸಂಕಟವನ್ನು ಬೇರೆಯ ಬೆಳಕಿನಲ್ಲಿ ಕಾಣಿಸುತ್ತದೆ.

ಈ ಮುದ್ರೆ ಎಷ್ಟು ಸುಲಭವಾಗಿ ತಪ್ಪಿ ಬೀಳುತ್ತದೆಂಬುದನ್ನು ಕಾಣಲು, ಆರೋಗ್ಯವಂತನನ್ನೇ ಕುಳ್ಳಿರಿಸಿಕೊಂಡು, ಅವನ ಕೈಯನ್ನು ಪರದೆಯ ಹಿಂದೆ ಮರೆಮಾಡಿ, ಕಣ್ಣೆದುರಿಗೆ ರಬ್ಬರಿನ ಕೈಯೊಂದನ್ನಿಟ್ಟು, ಎರಡನ್ನೂ ಏಕಕಾಲದಲ್ಲಿ ಕುಂಚದಿಂದ ಸವರಿದರೆ ಸಾಕು. ಕೆಲವೇ ನಿಮಿಷಗಳಲ್ಲಿ ಅನೇಕರಿಗೆ ಆ ರಬ್ಬರಿನ ಕೈಯೇ ತಮ್ಮದೆಂಬ ಭಾವ ಬಲವಾಗಿ ಬಂದುಬಿಡುತ್ತದೆ. ಬೋಟ್ವಿನಿಕ್ ಮತ್ತು ಕೋಹೆನ್ ಎಂಬವರು 1998ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಇನ್ನೂ ಆಳಕ್ಕೆ ಹೋದುದು ಫ್ರಾನ್ಸಿನ ಲಿಯೋನ್ ನಗರದ ಪ್ರಯೋಗ. ಮಿದುಳಿಗೆ ನೋವಿನ ಅರಿವಿಲ್ಲವಾದ ಕಾರಣ, ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಎಚ್ಚರವಾಗಿದ್ದು ಮಾತನಾಡುವುದು ಸಾಧ್ಯವಿದೆ. ಅಂಥ ರೋಗಿಗಳಲ್ಲಿ, ನೆತ್ತಿಯ ಹಿಂಭಾಗಕ್ಕಿರುವ ಪೆರೈಟಲ್ ಭಾಗವನ್ನು ವಿದ್ಯುತ್ತಿನಿಂದ ಮುಟ್ಟಿದಾಗ ಅವರಿಗೆ ಕೈಯಾಡಿಸಬೇಕೆಂಬ ಇಚ್ಛೆ ಹುಟ್ಟಿತು. ವಿದ್ಯುತ್ತನ್ನು ಹೆಚ್ಚಿಸಿದಾಗ, ಒಂದು ಸ್ನಾಯುವೂ ಮಿಸುಕದಿದ್ದರೂ, ಆಡಿಸಿದೆನೆಂದೇ ಹೇಳಿದರು. ಅದಕ್ಕೆ ಮುಂದಿರುವ, ಚಲನೆಯನ್ನು ಸಿದ್ಧಪಡಿಸುವ ಭಾಗವನ್ನು ಮುಟ್ಟಿದಾಗ ಕೈ ಕಣ್ಣಿಗೆ ಕಾಣುವಂತೆ ಆಡಿತು, ಆದರೆ ಅವರು ಆಡಲಿಲ್ಲವೆಂದು ಹೇಳಿದರು. ಮಿಷೆಲ್ ದೆಮುರ್ಜೆ, ಆಂಜೆಲಾ ಸಿರಿಗು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಲೇಖನವನ್ನು ಓದಿದಾಗ ಆಗುವ ವಿಸ್ಮಯ ಬೇಗನೆ ಇಳಿಯುವಂಥದಲ್ಲ. ಮಾಡಿದೆನೆಂಬ ಅರಿವು ಮಾಡುವ ಕ್ರಿಯೆಯಿಂದಲ್ಲದೆ ಮಾಡಬೇಕೆಂಬ ಸಂಕಲ್ಪದಿಂದ ಹಾಗೂ ಅದರ ಫಲದ ಮುಂಗಾಣ್ಕೆಯಿಂದ ಹುಟ್ಟುತ್ತದೆ.

ಇದನ್ನು ಹಿಡಿದುಕೊಂಡು ಪಾರ್ಶ್ವವಾಯುವಿನ ರೋಗಿಯ ಬಳಿಗೆ ಮರಳಿದರೆ ಆಕೆಯ ಮಾತು ಅರ್ಥವಾಗತೊಡಗುತ್ತದೆ. ಕೈಯೆತ್ತಿ ಎಂದಾಗ ಆಕೆಯ ಮಿದುಳಿನಲ್ಲಿ ಸಂಕಲ್ಪ ಹುಟ್ಟಿತು, ಕೈ ಮೇಲೆದ್ದಿತೆಂಬ ಮುಂಗಾಣ್ಕೆಯೂ ಸಿದ್ಧವಾಯಿತು. ಕೈ ಏಳಲಿಲ್ಲವೆಂಬ ವರದಿಯನ್ನು ಅದರೊಡನೆ ಹೋಲಿಸಿ 'ಇಲ್ಲ, ಆಗಲಿಲ್ಲ' ಎಂದು ತಿದ್ದಬೇಕಾಗಿದ್ದ ಭಾಗಕ್ಕೇ ಏಟು ಬಿದ್ದಿದೆ. ತಿದ್ದುವವನಿಲ್ಲದ ಮುಂಗಾಣ್ಕೆಯೇ ಅನುಭವವಾಗಿ ನಿಂತಿತು. ಇಟಲಿಯ ಅನ್ನಾ ಬೆರ್ತಿ ಮತ್ತು ಸಂಗಡಿಗರು, ತಮ್ಮ ಪಾರ್ಶ್ವವಾಯುವನ್ನು ಅರಿತ ರೋಗಿಗಳ ಮಿದುಳಿನ ಗಾಯಗಳನ್ನೂ ಅರಿಯದವರ ಗಾಯಗಳನ್ನೂ 2005ರಲ್ಲಿ ಹೋಲಿಸಿ ನೋಡಿದಾಗ, ಅರಿಯದವರಲ್ಲಿ ವಿಶೇಷವಾಗಿ ಕೆಟ್ಟಿದ್ದುದು ಚಲನೆಯನ್ನು ಯೋಜಿಸುವ ಆ ಮುಂಭಾಗವೇ ಎಂಬುದು ತಿಳಿದುಬಂದಿತು. ಆಕೆ ಸುಳ್ಳಾಡುತ್ತಿಲ್ಲ. ಆಕೆಯ ಅನುಭವದಲ್ಲಿ ಕೈ ನಿಜವಾಗಿ ಎದ್ದಿದೆ.

ಇಂಥ ರೋಗಿಯಲ್ಲಿ ಪೆಟ್ಟಾಗದೆ ಉಳಿದ ಎಡ ಅರ್ಧಗೋಳಕ್ಕೆ ತನ್ನದೇ ಆದ ಒಂದು ಸ್ವಭಾವವುಂಟು. ಅದು ತಿಳಿಯದುದಕ್ಕೂ ಕಾರಣ ಹೇಳುತ್ತದೆ. ಇದು ಬೆಳಕಿಗೆ ಬಂದುದು ಮೂರ್ಛೆರೋಗದ ಚಿಕಿತ್ಸೆಯಿಂದ. ಔಷಧಕ್ಕೆ ಬಗ್ಗದ ಸೆಳವು ಒಂದು ಅರ್ಧಗೋಳದಿಂದ ಇನ್ನೊಂದಕ್ಕೆ ಹರಡದಿರಲೆಂದು, ಅವೆರಡನ್ನೂ ಕೂಡಿಸುವ, ಸುಮಾರು 20 ಕೋಟಿ ತಂತುಗಳುಳ್ಳ ಕಾರ್ಪಸ್ ಕ್ಯಾಲೋಸಮ್ ಎಂಬ ನರಪಟ್ಟಿಯನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1962ರಲ್ಲಿ ಲಾಸ್ ಏಂಜಲೀಸಿನ ಬೋಗನ್ ಮತ್ತು ವೋಗೆಲ್ ಎಂಬ ವೈದ್ಯರು ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದಿದ್ದ ಸೈನಿಕನೊಬ್ಬನಿಗೆ ಮಾಡಿದರು. ಸೆಳವು ಕಡಮೆಯಾಯಿತು, ರೋಗಿ ನಡೆದನು, ನುಡಿದನು, ನಕ್ಕನು, ಮನೆಯವರಿಗೆ ಅವನು ಮೊದಲಿನವನೇ. ಆದರೆ ರೋಜರ್ ಸ್ಪೆರಿ ಮತ್ತು ಆಗ ಅವನ ಶಿಷ್ಯನಾಗಿದ್ದ ಮೈಕೇಲ್ ಗಜಾನಿಗಾ ಇಂಥ ರೋಗಿಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಒಂದೇ ತಲೆಬುರುಡೆಯೊಳಗೆ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದ ಎರಡು ಅರಿವುಗಳು ಬಾಳುತ್ತಿರುವುದು ಕಂಡುಬಂದಿತು. ನೋಟದ ಎಡಬದಿಗೆ ಕ್ಷಣಮಾತ್ರ ತೋರಿಸಿದ ಚಿತ್ರ ಬಲ ಅರ್ಧಗೋಳಕ್ಕೆ ಹೋಗುತ್ತದೆ. ಮಾತಿನ ಶಕ್ತಿ ಎಡ ಅರ್ಧಗೋಳದ್ದು. ಏನು ಕಂಡಿತೆಂದರೆ ಬಾಯಿ ಏನೂ ಕಾಣಲಿಲ್ಲವೆನ್ನುತ್ತದೆ. ಅಷ್ಟರಲ್ಲಿಯೇ ಎಡಗೈ ಮುಂದಿಟ್ಟ ವಸ್ತುಗಳ ನಡುವೆ ತಡವಿ ಸರಿಯಾದುದನ್ನೇ ಆರಿಸಿ ಹಿಡಿಯುತ್ತದೆ. ಸ್ಪೆರಿಗೆ ಇದಕ್ಕಾಗಿ 1981ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

1970ರ ದಶಕದಲ್ಲಿ ಗಜಾನಿಗಾ ಮತ್ತು ಜೋಸೆಫ್ ಲೆಡೂ ಇಂಥ ಒಬ್ಬ ತರುಣನ ಎಡ ಮಿದುಳಿಗೆ ಕೋಳಿಯ ಕಾಲನ್ನೂ ಬಲ ಮಿದುಳಿಗೆ ಹಿಮ ಮುಚ್ಚಿದ ಮನೆಯನ್ನೂ ತೋರಿಸಿ, ಹೊಂದುವ ಚಿತ್ರಗಳನ್ನು ಆರಿಸಲು ಹೇಳಿದರು. ಬಲಗೈ ಕೋಳಿಯನ್ನು ತೋರಿಸಿತು. ಎಡಗೈ ಹಿಮವನ್ನು ಎತ್ತಿಹಾಕುವ ಸಲಿಕೆಯನ್ನು ತೋರಿಸಿತು. ಎರಡೂ ಸರಿ. ಸಲಿಕೆಯೇಕೆ ಎಂದು ಕೇಳಿದಾಗ, ಹಿಮವನ್ನು ಕಾಣದಿದ್ದ ಎಡ ಮಿದುಳು ತನಗೆ ತಿಳಿಯದೆಂದು ಹೇಳಲಿಲ್ಲ, ತಡವರಿಸಲೂ ಇಲ್ಲ. ಕೋಳಿಗೂಡನ್ನು ಶುಚಿಮಾಡಲು ಸಲಿಕೆ ಬೇಕಲ್ಲವೇ ಎಂದು ಒಡನೆಯೇ ಕಾರಣವನ್ನು ಕಲ್ಪಿಸಿತು. ದಿನದಿನವೂ ನಾವು ನಮ್ಮ ಕೋಪಕ್ಕೆ, ಒಲವಿಗೆ, ನಿರ್ಧಾರಗಳಿಗೆ ಕೊಟ್ಟುಕೊಳ್ಳುವ ಕಾರಣಗಳಲ್ಲಿ ಎಷ್ಟು ಪಾಲು ಕಂಡು ಹೇಳಿದುವು, ಎಷ್ಟು ಪಾಲು ಹೀಗೆ ಹೆಣೆದುವು ಎಂಬುದನ್ನು ಒಳಗಿನಿಂದ ವಿಂಗಡಿಸುವ ಸಾಧನ ನಮಗಿಲ್ಲ. ಕತ್ತರಿಸಿದ ಮಿದುಳಿನಲ್ಲಿ ಅದು ಬಯಲಾಯಿತು. ಇಡಿಯ ಮಿದುಳಿನಲ್ಲಿ ಮುಚ್ಚಿಕೊಂಡಿದೆ, ಅಷ್ಟೇ ಭೇದವಿರಬಹುದು.

ಇಷ್ಟನ್ನು ಓದಿದ ಸಂಪ್ರದಾಯಸ್ಥ ವಾಚಕರಿಗೆ, ಆತ್ಮನೆಂಬುದೇ ಇಲ್ಲವೆಂದು ವಿಜ್ಞಾನ ಸಾರುತ್ತಿದೆಯೆಂಬ ಕಳವಳ ಹುಟ್ಟಬಹುದು. ಹಾಗೆಂದು ಬೆದರುವುದೂ, ಇದೆಲ್ಲ ನಮ್ಮ ಋಷಿಗಳು ಅಂದೇ ಹೇಳಿದ್ದರೆಂದು ಹಿಗ್ಗುವುದೂ ಎರಡೂ ಆತುರದ ಮಾತುಗಳು. ಗಮನಿಸತಕ್ಕ ಸಂಗತಿ ಬೇರೊಂದಿದೆ. ಅದ್ವೈತ ವೇದಾಂತವು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳೆಂಬ ನಾಲ್ಕನ್ನೂ ಅಂತಃಕರಣವೆಂದು ಒಟ್ಟುಗೂಡಿಸಿ, ಅದು ಭೂತಗಳ ಸೂಕ್ಷ್ಮಾಂಶದಿಂದಾದುದೆಂದೂ ಸ್ವತಃ ಜಡವೆಂದೂ ಹೇಳಿ, ಅರಿವನ್ನು ಸಾಕ್ಷಿಚೈತನ್ಯಕ್ಕೆ ಮೀಸಲಾಗಿ ಇರಿಸಿತು. ನಾನು ಮಾಡಿದೆ, ನನ್ನ ಕೈ, ನನಗೆ ಗೊತ್ತು ಎಂಬ ಅಹಂಕಾರವು ಪದಾರ್ಥದ ವ್ಯಾಪಾರವೆಂದೂ, ಪದಾರ್ಥ ಕೆಟ್ಟರೆ ಅದೂ ಕೆಡುವುದೆಂದೂ ಹೇಳಿದರೆ ಆ ದರ್ಶನಕ್ಕೆ ಆಘಾತವೇನೂ ಇಲ್ಲ. ಆಮೇಲೆ ಉಳಿಯುವ ಪ್ರಶ್ನೆಯಲ್ಲಿ, ಎಂದರೆ ನರಕೋಶಗಳ ಈ ಕೆಲಸದೊಡನೆ ಕೆಂಪು ಕೆಂಪಾಗಿ ಕಾಣುವ, ನೋವು ನೋವಾಗಿ ತಟ್ಟುವ ಅನುಭವವೇಕೆ ಕೂಡಿಕೊಂಡಿರಬೇಕು ಎಂಬಲ್ಲಿ, ಇಂದಿನ ವಿದ್ವಾಂಸರೂ ತಡೆದು ನಿಂತಿದ್ದಾರೆ. ಇದು ಕಠಿನವಾದ ಸಮಸ್ಯೆಯೆಂದು ಆಸ್ಟ್ರೇಲಿಯದ ತತ್ತ್ವಜ್ಞ ಡೇವಿಡ್ ಚಾಮರ್ಸ್ 1995ರಲ್ಲಿ ಬರೆದನು. 25 ವರ್ಷಗಳೊಳಗೆ ಪ್ರಜ್ಞೆಯ ಸ್ಪಷ್ಟವಾದ ನರಮೂಲ ದೊರೆಯುವುದೆಂದು 1998ರಲ್ಲಿ ಅವನೊಡನೆ ಪಂದ್ಯ ಕಟ್ಟಿದ್ದ ವಿಜ್ಞಾನಿ ಕ್ರಿಸ್ಟೋಫ್ ಕಾಖ್ 2023ರಲ್ಲಿ ಸೋಲೊಪ್ಪಿಕೊಂಡನು.

ತತ್ತ್ವದ ಪ್ರಶ್ನೆ ತಡೆದು ನಿಂತಿದ್ದರೂ ಆಸ್ಪತ್ರೆಯ ಪ್ರಶ್ನೆ ಕಾಯುವುದಿಲ್ಲ. ತನ್ನ ಕೊರತೆಯನ್ನು ಅರಿವು ತಾನೇ ಕಾಣದಿರಬಹುದೆಂಬುದು ಒಂದು ಮುಖವಾದರೆ, ಇರುವ ಅರಿವು ಹೊರಗಿನವರಿಗೆ ಕಾಣದಿರಬಹುದೆಂಬುದು ಅದರ ಇನ್ನೊಂದು ಮುಖ. ರಸ್ತೆಯ ಅಪಘಾತದಲ್ಲಿ ಮಿದುಳಿಗೆ ಪೆಟ್ಟಾಗಿ, ಕಣ್ಣು ತೆರೆದುಕೊಂಡಿದ್ದರೂ ಯಾವ ಮಾತಿಗೂ ಸ್ಪಂದಿಸದೆ ತಿಂಗಳುಗಟ್ಟಲೆ ಮಲಗಿದ್ದ 23 ವರ್ಷದ ಯುವತಿಯೊಬ್ಬಳನ್ನು, ಕೇಂಬ್ರಿಜ್ಜಿನ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊ ಎಂದು ಒಮ್ಮೆಯೂ, ನಿನ್ನ ಮನೆಯ ಕೋಣೆಗಳಲ್ಲಿ ನಡೆದಾಡುತ್ತಿರುವಂತೆ ಕಲ್ಪಿಸಿಕೊ ಎಂದು ಇನ್ನೊಮ್ಮೆಯೂ ಹೇಳಿದರು. ಮೊದಲನೆಯ ಮಾತಿಗೆ ಚಲನೆಯ ಭಾಗವೂ ಎರಡನೆಯದಕ್ಕೆ ಸ್ಥಳಗಳನ್ನು ಗುರುತಿಸುವ ಭಾಗವೂ, ಆರೋಗ್ಯವಂತರಲ್ಲಿ ಹೇಗೋ ಹಾಗೆಯೇ, ಅವಳ ಮಿದುಳಿನಲ್ಲಿ ಜಾಗೃತವಾದುವು. ಇದು 2006ರ ಮಾತು. 2010ರಲ್ಲಿ ಇಂಥವರೂ, ಅರಿವಿನ ಕ್ಷೀಣ ಚಿಹ್ನೆಗಳನ್ನು ಮಾತ್ರ ತೋರುತ್ತಿದ್ದವರೂ ಸೇರಿ 54 ರೋಗಿಗಳನ್ನು ಪರೀಕ್ಷಿಸಿದಾಗ ಐವರು ಹೀಗೆ ಸ್ಪಂದಿಸಿದರು. ಅವರಲ್ಲೊಬ್ಬನು ಹೌದೆನ್ನಲು ಒಂದು ಕಲ್ಪನೆಯನ್ನೂ ಅಲ್ಲವೆನ್ನಲು ಇನ್ನೊಂದನ್ನೂ ಬಳಸಿ ತನ್ನ ಜೀವನದ ಸರಳ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟನು. ಹಲವು ದೇಶಗಳ ವೈದ್ಯರು ಕೂಡಿ 2024ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹೊರಗೆ ಆಜ್ಞೆಯನ್ನು ಪಾಲಿಸುವ ಯಾವ ಚಿಹ್ನೆಯನ್ನೂ ತೋರದ 241 ರೋಗಿಗಳಲ್ಲಿ 60 ಮಂದಿ ಒಳಗೆ ಅದನ್ನು ಪಾಲಿಸುತ್ತಿದ್ದರು.

ಉಳಿದ 181 ಮಂದಿಗೆ ಅರಿವಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಈ ಪರೀಕ್ಷೆಗೆ ಉತ್ತರಿಸಬೇಕಾದರೆ ರೋಗಿ ಮಾತನ್ನು ಕೇಳಬೇಕು, ತಿಳಿಯಬೇಕು, ಮರೆಯದೆ ಹಿಡಿದಿರಬೇಕು, ದಣಿಯದೆ ಮತ್ತೆ ಮತ್ತೆ ಆ ಕಲ್ಪನೆಯನ್ನು ಎಬ್ಬಿಸಬೇಕು. ಅದೇ ಪರಿಶೀಲನೆಯಲ್ಲಿ, ವೈದ್ಯರ ಕಣ್ಣೆದುರಿಗೇ ಆಜ್ಞೆಯನ್ನು ಪಾಲಿಸಬಲ್ಲವರಾಗಿದ್ದ, ಎಂದರೆ ಅರಿವುಳ್ಳವರೆಂಬುದರಲ್ಲಿ ಸಂದೇಹವೇ ಇಲ್ಲದಿದ್ದ 112 ಮಂದಿಯನ್ನೂ ಸೇರಿಸಿಕೊಂಡಿದ್ದರು. ಯಂತ್ರದ ಪರೀಕ್ಷೆಗಳು ಅವರಲ್ಲಿ ಗುರುತಿಸಿದ್ದು 43 ಮಂದಿಯನ್ನು ಮಾತ್ರ.